ದಾನ ಕೊಟ್ಟ ಆಸ್ಪತ್ರೆ

ಫ್ರೀಟೌನ್, ಕಿಸ್ಸಿ ಬೀದಿ
14 ಜನವರಿ 1901

ಅಕ್ಕ ಟಬಿತಾಳಿಗೆ ತಮ್ಮ ಒಬಡಾಯನ ವಂದನೆಗಳು.

ನಿನ್ನ ಕೋಲಾ ಬುಟ್ಟಿಗಳು ಬುಧವಾರದ ಹಡಗು ಹತ್ತಿವೆ. ಈ ಸಲ ಕಾಯಿ ದಪ್ಪ, ಅಗಿಯುವವರು ನಿನ್ನ ಸಂತೆಯಲ್ಲಿ ಕಾಸು ಹೆಚ್ಚು ಕೊಡುತ್ತಾರೆ. ಬಾಥರ್ಸ್ಟ್ ತಲುಪುವ ತನಕ ಬಾಡದಿರಲೆಂದು ಹಸಿ ಎಲೆಯನ್ನು ಎರಡು ಸುತ್ತು ಹೆಚ್ಚು ಸುತ್ತಿಸಿದ್ದೇನೆ. ಅದಿರಲಿ, ಇವತ್ತು ಬರೆಯಲು ಕುಳಿತದ್ದು ಬೇರೆ ವಿಷಯಕ್ಕೆ.

ಶನಿವಾರ ನಾನು ಕಟ್ಟಿಸುತ್ತಿರುವ ಹೆರಿಗೆ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. ಗವರ್ನರ್ ಸಾಹೇಬರು ತಾವೇ ಬಂದು ಬೆಳ್ಳಿಯ ಕರಣೆಯಿಂದ ಗಾರೆ ಹಚ್ಚಿದರು. ದೊಡ್ಡ ಮಾರುಕಟ್ಟೆಯ ಹೆಂಗಸರೆಲ್ಲ ಹೊಸ ಹೂಬಟ್ಟೆಯ ಅಂಗಿ ತೊಟ್ಟು, ತಲೆಗೆ ವಸ್ತ್ರ ಬಿಗಿದು, ಬಿಸಿಲಲ್ಲೇ ನಿಂತಿದ್ದರು. ಅದರಲ್ಲಿ ಅರ್ಧ ಬಟ್ಟೆ ನಮ್ಮ ಟ್ರಾಟರ್ ಅಂಗಡಿಯದೇ ಎಂದು ಪಾದ್ರಿಗಳು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಕಲ್ಲಿನ ಮೇಲೆ ನನ್ನ ಕಂಫರ್ಟಳ ಹೆಸರು ಕೆತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಎರಡು ದಿನ ನರಳಿ, ಮೂರನೆಯ ಕೂಸಿನೊಂದಿಗೆ ಕಣ್ಣು ಮುಚ್ಚಿದಾಗ ಅವಳ ತಲೆ ನಿನ್ನ ತೊಡೆಯ ಮೇಲಿತ್ತು. ನನ್ನ ಹೆಂಡತಿ ಕೊನೆಗೆ ಏನೆಂದಳು ಎಂಬುದು ನಿನಗೆ ಮಾತ್ರ ಗೊತ್ತು. ನೀನು ಹೇಳಿಲ್ಲ, ನಾನೂ ಕೇಳಿಲ್ಲ.

ಕಟ್ಟಡ ಮುಗಿದ ಮೇಲೆ ಅದನ್ನು ಸರ್ಕಾರಕ್ಕೆ ದಾನಪತ್ರ ಬರೆದು ಕೊಡುತ್ತೇನೆ. ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತದೆ. ಆದರೆ ಯೋಚಿಸು: ವ್ಯಾಪಾರಿಯ ಮನೆ ಒಂದು ತಲೆಮಾರು ನಿಂತರೆ ಹೆಚ್ಚು. ಮಕ್ಕಳ ಕಾಲಕ್ಕೆ ಜಗಳ, ಮೊಮ್ಮಕ್ಕಳ ಕಾಲಕ್ಕೆ ಹರಾಜು. ಸರ್ಕಾರಕ್ಕೆ ಸಾವಿಲ್ಲ. ನಮ್ಮಪ್ಪನನ್ನು ಗುಲಾಮರ ಹಡಗಿನ ತಳದಿಂದ ಎತ್ತಿ, ಕಾಲಿನ ಬೇಡಿ ಒಡೆದು, ಈ ದಂಡೆಗೆ ಇಳಿಸಿದ್ದು ಇದೇ ಬ್ರಿಟಿಷ್ ಬಾವುಟದ ಹಡಗಲ್ಲವೇ? ಸಾಯುವ ದಿನವೂ ಅಪ್ಪ ಆ ಬಾವುಟ ಕಂಡರೆ ಟೊಪ್ಪಿಗೆ ತೆಗೆಯುತ್ತಿದ್ದ. ಅದನ್ನು ನಂಬದೆ ಇನ್ಯಾರನ್ನು ನಂಬಲಿ?

ಎನಾಕ್ ಎಡಿನ್‌ಬರೋದಲ್ಲಿ ವೈದ್ಯಕೀಯದ ಕೊನೆಯ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಇಲ್ಲಿಯ ದೊಡ್ಡ ವೈದ್ಯಾಧಿಕಾರಿಗಳು ನನ್ನ ಕೈ ಹಿಡಿದು, "ಮಿಸ್ಟರ್ ಟ್ರಾಟರ್, ನಿಮ್ಮ ಮಗ ಬರೋ ಹೊತ್ತಿಗೆ ಆಸ್ಪತ್ರೆ ಸಿದ್ಧ ಇರುತ್ತೆ" ಎಂದರು. ಅವನನ್ನೂ ಮಗಳು ಕೀಝಿಯಾಳನ್ನೂ ಸಾಕಿದವಳು ನೀನು. ಈ ಮಾತು ಮೊದಲು ನಿನಗೇ ಸಲ್ಲಬೇಕು.

ಇಂತು,
ಒಬಡಾಯ ಬಂಕೋಲೆ ಟ್ರಾಟರ್
ಶಾಸನ ಸಭೆಯ ಸದಸ್ಯ


ಬಾಥರ್ಸ್ಟ್
11 ಫೆಬ್ರವರಿ 1901

ಒಬಡಾಯ,

ಬರೆಯೋರು ಇಲ್ಲಿಯ ಶಾಲೆ ಮೇಷ್ಟ್ರು, ಬೈಯೋಳು ನಾನು. ಒಂದಕ್ಷರ ತಿದ್ದಬೇಡಿ ಅಂತ ಅವರಿಗೆ ಹೇಳಿದ್ದೀನಿ. ತಿದ್ದಿದರೆ ಅವರಿಗೆ ಇವತ್ತು ನನ್ನ ಮನೇಲಿ ಊಟ ಇಲ್ಲ.

ಕೋಲಾ ಚೆನ್ನಾಗಿ ಬಂತು. ಲಂಡನ್ನಿನ ರಾಣಿ ಸತ್ತಳು ಅಂತ ಇಲ್ಲಿ ಎಲ್ಲರೂ ಕಪ್ಪು ಬಟ್ಟೆ ಹುಡುಕ್ತಾ ಓಡಾಡಿದರು. ನೀನು ಸಭೇಲಿ ಅತ್ತಿರ್ತೀಯ. ಅಳು, ಬೇಡ ಅನ್ನಲ್ಲ. ದೊಡ್ಡ ಹೆಂಗಸು, ಮಕ್ಕಳೊಂದಿಗಳು.

ಆಸ್ಪತ್ರೆ ಕಟ್ಟಿಸ್ತಿದ್ದೀಯ, ಕೇಳಿ ಹೊಟ್ಟೆ ತಣ್ಣಗಾಯ್ತು. ಆದರೆ ಮನೆ ಕಟ್ಟಿದೋನು ಬೀಗದ ಕೈ ಯಾಕೋ ಪಕ್ಕದ ಮನೆಯೋರಿಗೆ ಕೊಡ್ತೀಯ? ಕೊಡೋದೇ ಆದರೆ ನಮ್ಮ ಚಾಪೆಲಿಗೆ ಕೊಡು, ಸತ್ತವರನ್ನ ಮಣ್ಣು ಮಾಡೋ ಸಂಘಕ್ಕೆ ಕೊಡು, ಇಲ್ಲ ಮಾರುಕಟ್ಟೆ ಹೆಂಗಸರಿಗೇ ಕೊಟ್ಟುಬಿಡು, ಅವರು ಕೋಲು ಹಿಡಿದು ನಡೆಸ್ತಾರೆ. ಅಪ್ಪನ ಬೇಡಿ ಒಡೆದೋರು ಇವರೇ, ಒಪ್ಪಿದೆ. ಬೇಡಿ ಒಡೆದ ಕೈ ಅಂತ ಆ ಕೈಗೇ ಮಗಳನ್ನ ಕೊಡ್ತಾರೇನೋ?

ನೀನು ಚಿಕ್ಕಂದಿನಿಂದ ಹೀಗೇ. ಯಾರಾದರೂ ತಲೆ ಸವರಿದರೆ ಕೈಯಲ್ಲಿರೋ ಅಕರಾ ವಡೆ ಅವರಿಗೇ ಕೊಟ್ಟು, ಆಮೇಲೆ ಹಸಿವು ಅಂತ ನನ್ನ ಹತ್ತಿರ ಬರ್ತಿದ್ದೆ.

ಒಂದು ಮಾಡು. ದಾನಪತ್ರದಲ್ಲಿ ಒಂದು ಸಾಲು ಸೇರಿಸು: ನನ್ನ ಮಗ ಇಲ್ಲಿ ವೈದ್ಯ ಆಗಿರ್ತಾನೆ ಅಂತ. ಬಾಯಿಮಾತು ಗಾಳಿ ಕಣೋ. ಬಿಳಿಯೋರ ಬಾಯಿಮಾತು ಹಡಗಿನ ಹೊಗೆ. ಕಾಣುತ್ತೆ, ಹಿಡಿಯೋಕಾಗಲ್ಲ.

ಕೀಝಿಯಾಗೆ ಮುತ್ತು.

ನಿನ್ನ ಅಕ್ಕ,
ಟಬಿತಾ


ಫ್ರೀಟೌನ್
20 ಅಕ್ಟೋಬರ್ 1902

ಅಕ್ಕನಿಗೆ,

ಎನಾಕ್ ಬಂದಿಳಿದು ಎರಡು ವಾರವಾಯಿತು. ಬೇಗ ಬರೆಯಬೇಕಿತ್ತು. ಪ್ರತಿದಿನ, ನಾಳೆ ಒಳ್ಳೆಯ ಸುದ್ದಿ ಸೇರಿಸಿ ಬರೆಯೋಣ ಎಂದುಕೊಳ್ಳುತ್ತಿದ್ದೆ.

ಹುಡುಗ ಎತ್ತರವಾಗಿದ್ದಾನೆ, ತೆಳ್ಳಗಾಗಿದ್ದಾನೆ. ಶನಿವಾರ ಕೀಝಿಯಾ ಮರಗೆಣಸಿನ ಫುಫು ಕುಟ್ಟಿ ಕಹಿಸೊಪ್ಪಿನ ಸಾರು ಮಾಡಿದಾಗ ಮೂರು ಸಲ ಬಡಿಸಿಕೊಂಡ. ಹೆರಿಗೆ ವಿದ್ಯೆಯಲ್ಲಿ ತರಗತಿಗೇ ಮೊದಲಿಗನಾಗಿ ಅವನಿಗೆ ಪದಕ ಬಂದಿದೆ. ಅದನ್ನು ಕಾಲುಚೀಲದೊಳಗೆ ಸುತ್ತಿ ತಂದಿದ್ದ. ಕೀಝಿಯಾ ಬಟ್ಟೆ ಒಗೆಯುವಾಗ ಸಿಕ್ಕಿತು.

ಆಸ್ಪತ್ರೆ ಜೂನ್‌ನಿಂದ ನಡೆಯುತ್ತಿದೆ. ಹದಿನಾರು ಹಾಸಿಗೆ. ದಾನಪತ್ರಕ್ಕೆ ಕಟ್ಟಡ ಮುಗಿದ ಕೂಡಲೇ ಸಹಿ ಹಾಕಿದ್ದೆ. ನೀನು ಹೇಳಿದ ಸಾಲು ಅದರಲ್ಲಿ ಇಲ್ಲ. ಉಡುಗೊರೆ ಕೊಡುವಾಗ ಷರತ್ತು ಹಾಕುವುದು ಸಣ್ಣತನ ಎನಿಸಿತು.

ಈಗ ಲಂಡನ್ನಿನಿಂದ ಹೊಸ ನಿಯಮ ಬಂದಿದೆ. ಈ ಕರಾವಳಿಯ ಎಲ್ಲ ವಸಾಹತುಗಳಿಗೂ ಒಂದೇ ವೈದ್ಯ ದಳ. ಅದಕ್ಕೆ ಸೇರಲು ತಂದೆತಾಯಿ ಇಬ್ಬರೂ ಯೂರೋಪಿನವರಾಗಿರಬೇಕು. ನಮ್ಮವರಿಗೆ ಬೇರೆ ಪಟ್ಟಿ, ಬೇರೆ ಹೆಸರು. ನಿನ್ನೆ ಓದು ಮುಗಿಸಿ ಬಂದ ಬಿಳಿಯ ಹುಡುಗನ ಕೈಕೆಳಗೆ ನಮ್ಮ ನರೆತ ವೈದ್ಯರು. ಹೆರಿಗೆ ಆಸ್ಪತ್ರೆಯಲ್ಲಿ ದಳದ ವೈದ್ಯರೇ ಇರಬೇಕಂತೆ. ಡಾಕ್ಟರ್ ಹ್ಯಾಲರ್ಟನ್ ಎಂಬವರು ಬಂದಿದ್ದಾರೆ. ಕೆಟ್ಟವರಲ್ಲ, ಚಿಕ್ಕ ವಯಸ್ಸು. ನಮ್ಮ ಮನೆಯಲ್ಲಿ ಎರಡು ಸಲ ಊಟ ಮಾಡಿದರು.

ಎನಾಕ್ ಹೆಚ್ಚು ಮಾತಾಡುತ್ತಿಲ್ಲ. ನಿನ್ನೆ ಮಾತ್ರ, "ಅಪ್ಪ, ಆ ಆಸ್ಪತ್ರೇಲಿ ನೆಲ ಒರೆಸೋಕೆ ನಿಯಮ ಅಡ್ಡ ಬರಲ್ಲ ಅಲ್ವಾ?" ಎಂದ. ನಗುತ್ತಲೇ ಅಂದ.

ನಾನು ಗವರ್ನರ್ ಸಾಹೇಬರನ್ನು ಖಾಸಗಿಯಾಗಿ ಕಾಣುತ್ತೇನೆ. ಇಂಥ ವಿಷಯ ಸಭೆಯಲ್ಲಿ ಎತ್ತಿದರೆ ಅವರು ಗಟ್ಟಿಯಾಗಿಬಿಡುತ್ತಾರೆ. ಸ್ವಲ್ಪ ತಾಳ್ಮೆ ಬೇಕು.

ನಿನ್ನ ತಮ್ಮ,
ಒಬಡಾಯ


ಬಾಥರ್ಸ್ಟ್
24 ನವೆಂಬರ್ 1902

ಒಬಡಾಯ,

ತಾಳ್ಮೆ, ತಾಳ್ಮೆ. ಕತ್ತೆಗೂ ತಾಳ್ಮೆ ಇರುತ್ತೆ, ಅದಕ್ಕೇ ಅದರ ಬೆನ್ನ ಮೇಲೆ ಹೇರ್ತಾರೆ.

ನಾನು ನಿನಗೆ ಹೇಳಿದ್ದೆ ಅಂತ ಬರೆಸೋಕೆ ಹೊರಟಿದ್ದೆ. ಮೇಷ್ಟ್ರು ಪೆನ್ನು ಕೆಳಗಿಟ್ಟು, "ಅಮ್ಮ, ನೊಂದಿರೋರಿಗೆ ಅದನ್ನ ಬರೀಬೇಡಿ" ಅಂದರು. ಸರಿ, ಬಿಟ್ಟೆ.

ಆದರೆ ಸಭೇಲಿ ಮಾತಾಡು. ಖಾಸಗಿ ಅಂತೆ, ಕೋಣೆ ಅಂತೆ. ಕೋಣೇಲಿ ಆಡಿದ ಮಾತು ಕೋಣೇಲೇ ಸಾಯುತ್ತೆ. ನಿನ್ನನ್ನ ಆ ಕುರ್ಚೀಲಿ ಕೂರಿಸಿರೋದು ಅಲಂಕಾರಕ್ಕೇನೋ? ನೀನೊಬ್ಬ ನೆಟ್ಟಗೆ ನಿಂತು, "ನನ್ನ ಮಗನ ಕೈಗೆ ಏನಾಗಿದೆ ಹೇಳಿ" ಅಂತ ಎಲ್ಲರ ಮುಂದೆ ಕೇಳು. ಉತ್ತರ ಕೊಡದೆ ಹೋದರೂ ಪರವಾಗಿಲ್ಲ. ಕೇಳಿದೆ ಅನ್ನೋದು ಹುಡುಗನಿಗೆ ಗೊತ್ತಾಗಲಿ. ಅವನಿಗೆ ಬೇಕಿರೋದು ಅಷ್ಟೇ ಇರಬಹುದು.

ಟಬಿತಾ


ಫ್ರೀಟೌನ್
5 ಮಾರ್ಚ್ 1903

ಪ್ರೀತಿಯ ಅತ್ತೆಗೆ ಎನಾಕನ ನಮಸ್ಕಾರಗಳು.

ನಿಮ್ಮ ಮಾತಿಗೆ ಒಪ್ಪಿ ಅಪ್ಪ ಸಭೆಯಲ್ಲಿ ಮಾತಾಡುತ್ತಾರೆ ಎಂದು ನೀವು ಬರೆದಿದ್ದಿರಿ. ಮಂಗಳವಾರ ನಾನೂ ಕೀಝಿಯಾಳೂ ನೋಡಲು ಹೋಗಿದ್ದೆವು. ಅವಳು ತನ್ನ ನೀಲಿ ಟೊಪ್ಪಿಗೆ ಹಾಕಿಕೊಂಡಿದ್ದಳು. ನಮ್ಮಂತೆ ಊರಿನ ಬಹಳ ಜನ ಬಂದಿದ್ದರು. ನಮ್ಮ ನರೆತ ವೈದ್ಯರು ಇಬ್ಬರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದರು. ಅಪ್ಪನ ಜೇಬಿನಲ್ಲಿ ನಾಲ್ಕು ಹಾಳೆಯ ಭಾಷಣವಿತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ಅದನ್ನು ಓದಿಕೊಳ್ಳುವುದನ್ನು ಬಾಗಿಲ ಹೊರಗಿಂದ ನಾನೇ ಕೇಳಿಸಿಕೊಂಡಿದ್ದೆ. ಒಳ್ಳೆಯ ಭಾಷಣ, ಅತ್ತೆ. ಕೇಳಿ ನನ್ನ ಕಣ್ಣು ತುಂಬಿತ್ತು.

ಅವರ ಸರದಿ ಬಂತು. ಎದ್ದರು. ಕೋಟಿನ ಒಳಗೆ ಕೈ ಹಾಕಿದರು. ಅಷ್ಟರಲ್ಲಿ ಗವರ್ನರ್ ತಲೆಯೆತ್ತಿ ನಕ್ಕು, "ನಮ್ಮ ಹಳೆಯ ಸ್ನೇಹಿತರು" ಎಂದರು. ಬರೀ ಅಷ್ಟೇ. ಅಪ್ಪನ ಕೈ ಜೇಬಿನಿಂದ ಬರಿದೇ ಹೊರಗೆ ಬಂತು. ಬೀದಿದೀಪಗಳ ಬಗ್ಗೆ ಮಾತಾಡಿದರು. ಕಿಸ್ಸಿ ಬೀದಿಯ ಕೊನೆಯಲ್ಲಿ ಇನ್ನೆರಡು ದೀಪ ಬೇಕು ಎಂದು ವಿನಂತಿಸಿಕೊಂಡು, ಸರ್ಕಾರಕ್ಕೆ ಕೃತಜ್ಞತೆ ಹೇಳಿ ಕುಳಿತರು.

ಹಿಂದಿನ ಬೆಂಚಿನ ಇಬ್ಬರೂ ಎದ್ದು ಹೋದರು. ಕೀಝಿಯಾ ನನ್ನ ಮೊಣಕೈ ಹಿಡಿದು, "ಬಿಡೋ, ಅಪ್ಪನಿಗೆ ಭಯ ಆಯ್ತು ಅಷ್ಟೇ. ದೊಡ್ಡೋರಿಗೂ ಆಗುತ್ತೆ" ಎಂದಳು. ಮನೆಗೆ ಬಂದ ಮೇಲೆ ಅವರಿಗೆ ಶುಂಠಿ ಪಾನಕ ಮಾಡಿಕೊಟ್ಟಳು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಅಂಗಡಿಯ ಮಗ್ಗುಲಲ್ಲಿ ಒಂದು ಕೋಣೆ ತೆರೆದು ಕುಳಿತಿದ್ದೇನೆ. ಜ್ವರ, ಕೆಮ್ಮು, ಹುಣ್ಣು ಬರುತ್ತವೆ. ಹೆರಿಗೆಗೆ ನನ್ನನ್ನು ಮನೆಗೆ ಕರೆಯುವವರೂ ಇದ್ದಾರೆ. ಆಸ್ಪತ್ರೆಯ ಗೇಟಿನ ಮುಂದೆ ಹಾದುಹೋಗುವಾಗ ಅಮ್ಮನ ಹೆಸರು ಓದುತ್ತೇನೆ, ಮುಂದೆ ನಡೆಯುತ್ತೇನೆ.

ನಿಮ್ಮ
ಎನಾಕ್


ಫ್ರೀಟೌನ್
19 ಜೂನ್ 1904

ಅಕ್ಕನಿಗೆ,

ಒಂದು ವರ್ಷದಿಂದ ನೀನು ನನಗೆ ಬರೆದಿಲ್ಲ. ಕೋಲಾ ಬುಟ್ಟಿಗಳ ರಸೀದಿ ಮಾತ್ರ ಬರುತ್ತಿದೆ, ಅದೂ ಮೇಷ್ಟ್ರ ಕೈಬರಹದಲ್ಲಿ. ಆದರೂ ಈ ಸುದ್ದಿ ತಿಳಿಸದೆ ಇರಲಾರೆ.

ಕೀಝಿಯಾ ಬಸುರಿ. ಅವಳ ಗಂಡ ರೂಬೆನ್ ರೈಲು ಹಾಕುವ ಕೆಲಸದ ಮೇಲೆ ಒಳನಾಡಿನಲ್ಲಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಒಳ್ಳೆಯ ಹುಡುಗ.

ದೊರೆಯ ಹುಟ್ಟುಹಬ್ಬಕ್ಕೆ ನನಗೊಂದು ಪದಕ ಬಂತು. ನಿನ್ನ ಬೈಗುಳ ಈಗಲೇ ಕೇಳುತ್ತಿದೆ. ನೀನು ಏನೇ ಅನ್ನು ಅಕ್ಕ, ಸಭೆಯಲ್ಲಿ ನಾನು ಸಿಡಿದೆದ್ದಿದ್ದರೆ ಆಸ್ಪತ್ರೆಗೆ ಬರುವ ಔಷಧಿಗೇ ಕತ್ತರಿ ಬೀಳುತ್ತಿತ್ತು. ಹದಿನಾರು ಹಾಸಿಗೆಯಲ್ಲಿ ಮಲಗಿರುವ ಹೆಂಗಸರಿಗೆ ನನ್ನ ಮಾನದಿಂದ ಏನಾಗಬೇಕು? ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಗಲಿನಲ್ಲಿ ಅದು ಸರಿಯೆನ್ನಿಸುತ್ತದೆ.

ಬಿಳಿಯ ಅಧಿಕಾರಿಗಳೆಲ್ಲ ಸೊಳ್ಳೆಯ ಭಯಕ್ಕೆ ಗುಡ್ಡದ ಮೇಲೆ ಹೊಸ ಮನೆಗಳಿಗೆ ಹೋಗಿದ್ದಾರೆ. ಅವರಿಗೆಂದೇ ಪುಟ್ಟ ರೈಲು. ಬೆಳಿಗ್ಗೆ ಇಳಿಯುತ್ತಾರೆ, ಸಂಜೆ ಹತ್ತುತ್ತಾರೆ.

ಇನ್ನೊಂದು ಮಾತು. ಊರ ಹೆಂಗಸರು ಆಸ್ಪತ್ರೆಗೆ ಬರಲು ಹೆದರುತ್ತಿದ್ದಾರೆ. ಅಲ್ಲಿ ನಮ್ಮವರು ಯಾರೂ ಇಲ್ಲವಲ್ಲ ಎನ್ನುತ್ತಾರೆ. ಅರ್ಧ ಹಾಸಿಗೆ ಖಾಲಿ. ಅದಕ್ಕೆ ಕೀಝಿಯಾಳ ಹೆರಿಗೆ ಅಲ್ಲಿಯೇ ಆಗಲಿ ಎಂದಿದ್ದೇನೆ. ಟ್ರಾಟರನ ಮಗಳೇ ಅಲ್ಲಿ ಹೆತ್ತಳು ಎಂದರೆ ಉಳಿದವರಿಗೆ ಧೈರ್ಯ ಬರುತ್ತದೆ. ಎನಾಕನಿಗೆ ಮನಸ್ಸಿಲ್ಲ, ಮನೆಯಲ್ಲೇ ತಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಕೀಝಿಯಾ ಮಾತ್ರ, "ಅಮ್ಮನ ಹೆಸರಿನ ಜಾಗ ತಾನೇ, ಹೋಗ್ತೀನಿ ಬಿಡಪ್ಪ" ಎಂದಳು.

ಒಬಡಾಯ


ಫ್ರೀಟೌನ್
11 ಫೆಬ್ರವರಿ 1905

ಅತ್ತೆ,

ತಂತಿಯಲ್ಲಿ ಬಂದ ಮೂರು ಪದ ಓದಿ ನೀವು ಏನಾದಿರೋ ತಿಳಿಯದು. ನಡೆದದ್ದನ್ನು ಪೂರ್ತಿ ಹೇಳುವುದು ನನ್ನ ಕೆಲಸ. ಇನ್ನು ಯಾರೂ ಹೇಳುವುದಿಲ್ಲ.

ಹೋದ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಕೀಝಿಯಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೋವು ಬೆಳಿಗ್ಗೆಯೇ ಶುರುವಾಗಿತ್ತು. ಮನೆಯಿಂದ ಹೊರಡುವ ಮೊದಲು ನಾನು ಹೊಟ್ಟೆ ಮುಟ್ಟಿ ನೋಡಿದ್ದೆ. ಮಗು ಅಡ್ಡ ಮಲಗಿತ್ತು. ಅದಕ್ಕೆ ಹೆದರುವ ಕಾರಣವಿಲ್ಲ, ಅತ್ತೆ. ಕೈಯಿಂದ ತಿರುಗಿಸಬೇಕು. ಬೇಗ ತಿರುಗಿಸಬೇಕು. ಎಡಿನ್‌ಬರೋದಲ್ಲಿ ನಾನು ಹಾಗೆ ತಿರುಗಿಸಿದ ಮಕ್ಕಳು ಈಗ ಶಾಲೆಗೆ ಹೋಗುತ್ತಿರಬಹುದು. ಮನೆಯಲ್ಲೇ ಮಾಡುತ್ತೇನೆ ಎಂದೆ. ಅಪ್ಪ, "ಗಾಡಿ ಬಂದಿದೆ, ಮೇಟ್ರನ್‌ಗೆ ಹೇಳಿಯಾಗಿದೆ, ಊರೆಲ್ಲ ನೋಡ್ತಿದೆ" ಎಂದರು. ಡಾಕ್ಟರ್ ಹ್ಯಾಲರ್ಟನ್ ಅಲ್ಲಿಯೇ ಇರುತ್ತಾರೆ ಎಂದರು.

ಅವರು ಇರಲಿಲ್ಲ. ಶನಿವಾರ ಹನ್ನೆರಡರ ರೈಲಿಗೆ ಗುಡ್ಡ ಹತ್ತಿದ್ದರು.

ನಾನು ಕೋಟು ಬಿಚ್ಚಿ ತೋಳು ಮಡಿಸಿದೆ. ಹಿರಿಯ ದಾದಿ ಮೇಟ್ರನ್ ಬಾಗಿಲಿಗೆ ಅಡ್ಡ ನಿಂತಳು. ಬಿರುಸಾಗಿ ಅಲ್ಲ, ಬೇಡಿಕೊಳ್ಳುವವಳಂತೆ. "ಡಾಕ್ಟರ್ ಟ್ರಾಟರ್, ದಯವಿಟ್ಟು. ದಳದ ವೈದ್ಯರನ್ನು ಬಿಟ್ಟು ಬೇರೆ ಯಾರೂ ಇಲ್ಲಿ ಕೈ ಹಾಕುವಂತಿಲ್ಲ. ನಾನು ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ನಿಮ್ಮ ಪರವಾನಗಿ ಹೋಗುತ್ತದೆ." ನಾನು ಅಪ್ಪನ ಮುಖ ನೋಡಿದೆ.

"ಅಪ್ಪ, ನೀವು ಕಟ್ಟಿಸಿದ ಬಾಗಿಲು ಇದು. ಸರಿ ಅಂತ ಒಂದು ಮಾತು ಹೇಳಿ. ಆಮೇಲೆ ನನ್ನನ್ನ ಜೈಲಿಗೆ ಹಾಕಲಿ."

"ಚೀಟಿ ಕಳಿಸ್ತೀನಿ ಕಣಪ್ಪ. ಅವರು ನಮ್ಮನೇಲಿ ಉಂಡೋರು. ಬಂದೇ ಬರ್ತಾರೆ."

ಚೀಟಿ ಗುಡ್ಡ ಹತ್ತಿತು. ಡಾಕ್ಟರು ಮನೆಯಲ್ಲಿಲ್ಲ, ಅಬ್ಬಿಯ ಕಡೆ ತಿರುಗಾಡಲು ಹೋಗಿದ್ದಾರೆ ಎಂದು ಉತ್ತರ ಬಂತು. ಮೂರು ಗಂಟೆ. ಇನ್ನೊಂದು ಚೀಟಿ ಹೋಯಿತು. ಒಳಗಿನಿಂದ ಅವಳ ಕೂಗು ಕೇಳಿಸುತ್ತಿತ್ತು. ಮೊದಲು ಅಮ್ಮಾ ಎನ್ನುತ್ತಿದ್ದಳು. ಆಮೇಲೆ ನಿಮ್ಮ ಹೆಸರು ಹಿಡಿದು ಕೂಗಿದಳು. ನಾಲ್ಕರ ಹೊತ್ತಿಗೆ ನಾನು, "ಹಾಗಾದರೆ ಅವಳನ್ನ ಹೊತ್ತುಕೊಂಡು ಹೋಗ್ತೀನಿ. ರಸ್ತೆ ಮೇಲೆ ಮಲಗಿಸಿ ಮಾಡ್ತೀನಿ. ಅಲ್ಲಿ ನಿಯಮ ಇಲ್ಲ" ಎಂದೆ.

ಆಗ ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡರು. ಬಿಗಿಯಾಗಿ. ಹೊರಗೆ ಗೇಟಿನ ಹತ್ತಿರ ಮಾರುಕಟ್ಟೆಯ ಹೆಂಗಸರು ಸುದ್ದಿ ತಿಳಿದು ಗುಂಪು ಸೇರಿದ್ದರು. ಅವರನ್ನು ನೋಡಿ ಅಪ್ಪ ಹೇಳಿದರು, "ಈಗ ಎತ್ತಿಕೊಂಡು ಹೋದರೆ ಟ್ರಾಟರೇ ಈ ಆಸ್ಪತ್ರೆ ನಂಬಲಿಲ್ಲ ಅಂತಾರೆ ಎನಾಕ್. ಆಮೇಲೆ ಇಲ್ಲಿಗೆ ಯಾರೂ ಬರಲ್ಲ. ಇನ್ನೊಂದು ಅರ್ಧ ಗಂಟೆ."

ನಾನು ನಿಂತೆ. ಇದನ್ನು ನೀವು ತಿಳಿಯಬೇಕು. ಅಪ್ಪ ಹಿಡಿದರು, ನಿಜ. ಆದರೆ ಅವರಿಗೆ ಐವತ್ತೊಂಬತ್ತು, ನನಗೆ ಇಪ್ಪತ್ತೊಂಬತ್ತು. ಆ ಕೈ ಬಿಡಿಸಿಕೊಳ್ಳಲು ನನಗೆ ಬಲವಿತ್ತು. ಬಿಡಿಸಿಕೊಳ್ಳಲಿಲ್ಲ.

ಹ್ಯಾಲರ್ಟನ್ ಬಂದಾಗ ಆರು ದಾಟಿತ್ತು. ಬೂಟಿನ ತುಂಬ ಕೆಸರು, ಓಡಿ ಬಂದು ಏದುಸಿರು. ಮಗುವನ್ನು ಹೇಗೋ ಜೀವಂತ ತೆಗೆದರು. ಹೆಣ್ಣು. ಕೀಝಿಯಾಳ ರಕ್ತ ನಿಲ್ಲಲಿಲ್ಲ. ಆಗ ನನ್ನನ್ನು ಒಳಗೆ ಬಿಟ್ಟರು. ಅವಳಿಗೆ ನನ್ನ ಗುರುತು ಹತ್ತಿತೋ ಇಲ್ಲವೋ.

ಕೈ ತೊಳೆಯುತ್ತಾ ಹ್ಯಾಲರ್ಟನ್ ನನ್ನತ್ತ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. "ಎರಡು ಗಂಟೆಗೇ ತಿರುಗಿಸಿದ್ದರೆ ಸುಲಭವಿತ್ತು. ನೀವು ಇಲ್ಲೇ ಇದ್ದಿರಲ್ಲ, ನೀವೇ ಯಾಕೆ ಮಾಡಲಿಲ್ಲ?" ಎಂದರು.

ನಿಜವಾಗಿ ತಿಳಿಯದೆ ಕೇಳಿದರು, ಅತ್ತೆ. ಅದೇ ನನ್ನನ್ನು ಕೊಲ್ಲುತ್ತಿದೆ.

ರೂಬೆನ್ ಮಣ್ಣಿಗೆ ಬಂದ. ಮಗು ಅವನ ತಾಯಿಯ ಬಳಿ ಇದೆ, ಹಾಲೂಡಿಸುವವಳು ಸಿಕ್ಕಿದ್ದಾಳೆ. ನಲವತ್ತನೆಯ ದಿನದ ಅನ್ನ ಹಾಕಿದ ಮೇಲೆ ನಾನು ನಿಮ್ಮಲ್ಲಿಗೆ ಬರುತ್ತೇನೆ. ಬರಬೇಡ ಎನ್ನಬೇಡಿ.

ಎನಾಕ್


ಬಾಥರ್ಸ್ಟ್
3 ಏಪ್ರಿಲ್ 1905

ಒಬಡಾಯ,

ಹುಡುಗ ಬಂದಿದ್ದಾನೆ. ಉಣ್ತಾನೆ, ಮಲಗ್ತಾನೆ. ಔಷಧಿ ಚೀಲ ನನ್ನ ಮಂಚದ ಕೆಳಗೆ ನೂಕಿದಾನೆ, ತೆಗೆದಿಲ್ಲ. ಹೆಂಗಸರ ಜೊತೆ ಕೂತು ಕೋಲಾ ಆರಿಸ್ತಾನೆ. ಕೆಟ್ಟ ಕಾಯಿ ಯಾವುದು ಅಂತ ಮುಟ್ಟಿದ ಕೂಡಲೇ ಹೇಳ್ತಾನೆ. ಎಂಥ ಬೆರಳು ಅವನವು.

ನಿನ್ನ ಬೈಯೋಣ ಅಂತ ಮೇಷ್ಟ್ರನ್ನ ಮೂರು ಸಲ ಕರೆಸಿದೆ. ಮೂರು ಸಲವೂ ಬರೆಸದೆ ಊಟ ಹಾಕಿ ಕಳಿಸಿದೆ. ನನ್ನ ಹೆಸರು ಹಿಡಿದು ಕೂಗಿದಳಂತೆ ಕೀಝಿಯಾ. ನಾನು ಇಲ್ಲಿ ಸಂತೇಲಿ ಕೂತು ಚೌಕಾಸಿ ಮಾಡ್ತಾ ಇದ್ದೆ.

ಇನ್ನು ನನಗೆ ಕೋಲಾ ಕಳಿಸಬೇಡ. ಬೇರೆಯವರ ಹತ್ತಿರ ತರಿಸ್ಕೋತೀನಿ.

ಟಬಿತಾ


ಫ್ರೀಟೌನ್
30 ಮೇ 1905

ಎನಾಕ್,

ನೀನು ಓದುತ್ತೀಯೋ ಇಲ್ಲವೋ, ಬರೆಯುತ್ತೇನೆ.

ಇವತ್ತು ಸಭೆಯಲ್ಲಿ ಮಾತಾಡಿದೆ. ಹಾಳೆ ಒಯ್ದಿರಲಿಲ್ಲ. ನನ್ನ ಸರದಿ ಬರುವ ಮೊದಲೇ ಎದ್ದುಬಿಟ್ಟೆ. ಎಲ್ಲವನ್ನೂ ಹೇಳಿದೆ: ಆ ಶನಿವಾರ ಒಂದು ಗಂಟೆ, ಮೂರು ಗಂಟೆ, ನಾಲ್ಕು ಗಂಟೆ. "ನನ್ನ ಮಗಳು ಸಾಯುತ್ತಿರುವಾಗ ಅವಳನ್ನು ಉಳಿಸಬಲ್ಲ ಕೈಗಳು ಹತ್ತು ಹೆಜ್ಜೆ ಆಚೆ ಇದ್ದವು. ಆ ಕೈಗಳ ಬಣ್ಣ ನಿಮಗೆ ಆಗಿಬರಲಿಲ್ಲ. ಅವನ್ನು ಹಿಡಿದು ನಿಲ್ಲಿಸಿದ ಕೈ ನನ್ನದು, ಅದನ್ನು ಹಾಗೆ ಪಳಗಿಸಿದವರು ನೀವು" ಎಂದೆ. ನಿಯಮ ತೆಗೆಯಿರಿ, ಇಲ್ಲವೇ ಆಸ್ಪತ್ರೆ ಹಿಂದಕ್ಕೆ ಕೊಡಿ ಎಂದೆ. ಹೇಳಿ ಮುಗಿಸುವ ತನಕ ಕೂರಲಿಲ್ಲ.

ಮುಗಿದ ಮೇಲೆ ಗವರ್ನರ್ ಸಾಹೇಬರು ಮೃದುವಾಗಿ, ನಿಮ್ಮ ದುಃಖದಲ್ಲಿ ನಾವೆಲ್ಲ ಭಾಗಿಗಳು ಎಂದರು. ಆಮೇಲೆ ಬಂದರಿನ ಹೂಳಿನ ವಿಷಯ ಎತ್ತಿಕೊಂಡರು.

ಈ ಮಾತನ್ನು ಎರಡು ವರ್ಷದ ಹಿಂದೆ ಆಡಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಆದರೆ ಆವತ್ತು ಆಡಿದ್ದರೆ, ಆ ಶನಿವಾರ ನಿನ್ನ ಕೈ ಹಿಡಿಯುತ್ತಿರಲಿಲ್ಲ ಎನ್ನಿಸುತ್ತದೆ.

ನಿನ್ನ ಅಪ್ಪ


ಫ್ರೀಟೌನ್
17 ಸೆಪ್ಟೆಂಬರ್ 1905

ಎನಾಕ್,

ಸಭೆಯ ನಡವಳಿಯ ಅಚ್ಚಾದ ಪ್ರತಿ ಬಂದಿದೆ. ಜೊತೆಯಲ್ಲಿಟ್ಟಿದ್ದೇನೆ. ಹುಡುಕುವ ಕಷ್ಟ ಬೇಡ, ಹನ್ನೊಂದನೆಯ ಪುಟ, ಕೆಳಗಿನಿಂದ ಮೂರನೆಯ ಸಾಲು: "ಮಾನ್ಯ ಸದಸ್ಯ ಶ್ರೀ ಟ್ರಾಟರ್ ತಮ್ಮ ಕೌಟುಂಬಿಕ ದುಃಖವನ್ನು ಪ್ರಸ್ತಾಪಿಸಿದರು. ಸಭೆಯು ಸಹಾನುಭೂತಿ ಸೂಚಿಸಿತು." ಅಷ್ಟೇ. ನಲವತ್ತು ನಿಮಿಷ ಮಾತಾಡಿದ್ದೆ. ಬರೆದುಕೊಂಡ ಗುಮಾಸ್ತ ನಮ್ಮವನೇ, ನಮ್ಮ ಚಾಪೆಲಿನವನು. ಬೀದಿಯಲ್ಲಿ ಸಿಕ್ಕಾಗ ತಲೆ ತಗ್ಗಿಸಿದ. ಅವನನ್ನು ಏನೆನ್ನಲಿ? ಅವನಿಗೂ ಮಕ್ಕಳಿದ್ದಾರೆ. ನಾನೂ ಹಾಗೆಯೇ ಇದ್ದೆ.

ಸಭೆಯ ನನ್ನ ಅವಧಿ ಮುಗಿಯಿತು. ಮತ್ತೆ ಕರೆದಿಲ್ಲ. ಆಸ್ಪತ್ರೆಯನ್ನು ಹಿಂದಕ್ಕೆ ಕೇಳಿದ್ದಕ್ಕೆ ವಕೀಲರ ಮೂಲಕ ಉತ್ತರ ಬಂತು. ಷರತ್ತಿಲ್ಲದೆ ಕೊಟ್ಟ ದಾನ, ಹಿಂದಕ್ಕೆ ಬರುವಂತಿಲ್ಲ. ಗೋಡೆಯ ಮೇಲೆ ಕೀಝಿಯಾಳ ಹೆಸರಿನ ಅಮೃತಶಿಲೆ ಹಾಕಿಸಲು ಅಭ್ಯಂತರವಿಲ್ಲವಂತೆ. ಆ ಕಾಗದಕ್ಕೆ ಉತ್ತರ ಬರೆದಿಲ್ಲ.

ಡಾಕ್ಟರ್ ಹ್ಯಾಲರ್ಟನ್ ರಜೆಯ ಮೇಲೆ ಊರಿಗೆ ಹೋದವರು ಮತ್ತೆ ಬರಲಿಲ್ಲ. ಹೊಸಬರು ಬಂದಿದ್ದಾರೆ. ಹೆಸರು ನನಗೆ ಗೊತ್ತಿಲ್ಲ.

ಮಗು ಈಗ ಆಸರೆಯಿಲ್ಲದೆ ಕೂರುತ್ತಾಳೆ. ರೂಬೆನ್‌ನ ತಾಯಿ ಭಾನುವಾರ ಭಾನುವಾರ ನನ್ನ ಮಡಿಲಿಗೆ ಹಾಕುತ್ತಾರೆ. ಹೆಚ್ಚು ಹೊತ್ತು ಬಿಡುವುದಿಲ್ಲ, ಅದು ಸರಿಯೇ.

ನಿನ್ನೆ ಮಧ್ಯಾಹ್ನ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಮೀನು ಮಾರುವವಳು, ಸೂಸಾನಾ ಎಂದು ಹೆಸರು. ತುಂಬಿದ ಬಸುರಿ, ಕಾಲು ಊದಿಕೊಂಡಿತ್ತು. ಆಸ್ಪತ್ರೆಗೆ ಸೇರಿಸಿಕೊಳ್ಳಿ ಎಂದು ನನ್ನಿಂದ ಒಂದು ಚೀಟಿ ಬೇಕಿತ್ತು. "ನೀವು ಕಟ್ಟಿಸಿದ್ದಲ್ವಾ ಅಯ್ಯ, ನೀವು ಬರೆದರೆ ಚೆನ್ನಾಗಿ ನೋಡ್ಕೋತಾರೆ."

"ಅಲ್ಲಿಗೆ ಹೋಗಬೇಡಮ್ಮ" ಎಂದೆ. ಈ ಬಾಯಿಯಿಂದಲೇ ಎಂದೆ, ಎನಾಕ್.

ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. "ಮತ್ತೆ ಎಲ್ಲಿಗೆ ಹೋಗಲಿ?" ಎಂದು ಕೇಳಿದಳು.

ನಿನ್ನ ಕೋಣೆಯ ಕಡೆ ನೋಡಿದೆ. ಬಾಗಿಲು ಹಾಕಿತ್ತು. ಊರಿನಲ್ಲಿ ನಮ್ಮ ವೈದ್ಯರಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದಾರೆ, ಇನ್ನೊಬ್ಬರು ಲೇಗೋಸಿಗೆ ಹೋದರು. ಅವಳಿಗೆ ಹೇಳಲು ನನ್ನ ಹತ್ತಿರ ಒಂದು ಹೆಸರೂ ಇರಲಿಲ್ಲ. ನಿನ್ನನ್ನು ಬಾ ಎಂದು ಕರೆಯುವ ಮುಖ ನನಗಿಲ್ಲ, ಕರೆಯುತ್ತಲೂ ಇಲ್ಲ. ನಡೆದದ್ದನ್ನು ಹೇಳುತ್ತಿದ್ದೇನೆ.

ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕುಳಿತಳು. ಆಮೇಲೆ ಗಂಟು ಎತ್ತಿಕೊಂಡು, ಚೀಟಿಯಿಲ್ಲದೆಯೇ ಆಸ್ಪತ್ರೆಯ ದಾರಿ ಹಿಡಿದಳು. ನಾನು ಹಿಂದೆಯೇ ಹೋಗಿ ಆ ಗಂಟನ್ನು ಇಸಿದುಕೊಂಡೆ. ಬೀದಿಯವರೆಲ್ಲ ನೋಡುತ್ತಿದ್ದರು. ಇಬ್ಬರೂ ನಿಧಾನವಾಗಿ ನಡೆದೆವು. ಗೇಟಿನಲ್ಲಿ ಕಾವಲಿನವನು ಅವಳನ್ನು ಒಳಗೆ ಬಿಟ್ಟು, ಗಂಡಸರಿಗೆ ಬುಧವಾರ ಮಾತ್ರ ಎಂದು ನನಗೆ ಹೇಳಿದ.

ಗಂಟನ್ನು ಅವನ ಕೈಗೆ ಕೊಟ್ಟು ಬಂದೆ.

ನಿನ್ನ ಅಪ್ಪ
ಒಬಡಾಯ